ಬಾಯಿಬಿಟ್ಟು ಹೇಳಿದ ಮಾತು



ಯಾಣದ ಬಂಡೆಗಳನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿದ್ದೀರಿ. ನೋಡದವರು ಸಿನಿಮಾದಲ್ಲಾದರೂ ಕಂಡಿದ್ದೀರಿ. ಕುಮಟಾ ತಾಲ್ಲೂಕಿನ ದಟ್ಟ ಕಾಡಿನ ನಡುವೆ ಸುಟ್ಟು ಕರಕಲಾದಂತೆ ಕಾಣುವ, ಅಸಲಿಗೆ ಸುಣ್ಣಕಲ್ಲಿನ ಎರಡು ಶಿಖರಗಳು. ಭೈರವೇಶ್ವರ ಸುಮಾರು 120 ಮೀಟರ್ ಎತ್ತರ, ಮೋಹಿನಿ 90 ಮೀಟರ್. ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ ಎಂಬ ಗಾದೆ ಕೇಳಿಯೇ ಬೆಳೆದವರು ನಾವು. ಈಗ ಬಂಡೆಯ ಹತ್ತಿರದವರೆಗೂ ಗಾಡಿ ಬರುತ್ತದೆ, ಸೊಕ್ಕು ಅಷ್ಟು ಬೇಕಾಗಿಲ್ಲ.

ಈ ಕಲ್ಲು, ಈ ಮಣ್ಣು ಹೀಗೆ ಕಪ್ಪಾದದ್ದು ಭಸ್ಮಾಸುರನಿಂದ ಎಂದು ಊರಿನವರು ಹೇಳುತ್ತಾರೆ. ಯಕ್ಷಗಾನದಲ್ಲಿ ಮೋಹಿನಿ ಕುಣಿಯುತ್ತಾಳೆ, ಅವಳ ಹಾಗೆಯೇ ಕುಣಿಯಲು ಹೋದ ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈ ಇಟ್ಟುಕೊಂಡು ಬೂದಿಯಾಗುತ್ತಾನೆ. ನನ್ನ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಮಾತ್ರ ಕುಣಿತ ಇರಲಿಲ್ಲ, ಆಣೆ ಇತ್ತು. ನನ್ನನ್ನು ಬಿಟ್ಟು ಇನ್ನೊಬ್ಬಳ ಕಡೆ ನೋಡುವುದಿಲ್ಲ ಎಂದು ತಲೆ ಮುಟ್ಟಿ ಆಣೆ ಮಾಡು ಅಂದಳಂತೆ ಮೋಹಿನಿ. ಅವನು ತಲೆ ಮುಟ್ಟಿದ. ಕಥೆ ಮುಗಿಸಿ ಅಜ್ಜಿ ನಮಗೆ ಹೇಳುತ್ತಿದ್ದ ಬುದ್ಧಿಮಾತು ಒಂದೇ: ಆಣೆ ಅಂದರೆ ಹಗುರ ಅಲ್ಲ, ಬಾಯಿಗೆ ಬಂದಹಾಗೆ ದೇವರಾಣೆ, ತಾಯಾಣೆ ಅನ್ನಬೇಡಿ. ಜಗಳದಲ್ಲಿ ನಾವು ಮಕ್ಕಳು ಯಾರಾದರೂ ಆಣೆ ಹಾಕಿಬಿಟ್ಟರೆ ಅಜ್ಜಿ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬಂದು ಆ ಮಾತನ್ನು ಹಿಂದಕ್ಕೆ ತೆಗೆಸುತ್ತಿದ್ದಳು.

ಹಾಗೆ ಆಣೆಗೆ ಹೆದರಿ ಬೆಳೆದ ನಮ್ಮ ಮನೆಯ ಒಬ್ಬ ಹುಡುಗ ಮೂರು ಮಳೆಗಾಲದ ಹಿಂದೆ ಬಹಳ ದೊಡ್ಡ ಆಣೆಯೊಂದನ್ನು ಮಾಡಿದ. ಅದನ್ನು ನೋಡಿದಂದಿನಿಂದ ನನ್ನ ಮನಸ್ಸಿನಲ್ಲಿ ಸುಳಿದಾಡುತ್ತಿರುವ ಒಂದು ವಿಷಯವನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ.

ಅವನು ನನ್ನ ಅಣ್ಣನ ಮಗ. ಅಮೆರಿಕಕ್ಕೆ ಹೋಗಿ ಹದಿನೈದು ವರ್ಷವಾಗಿತ್ತು. ಅಲ್ಲಿನ ಪೌರನಾಗುವ ದಿನ ಬಂತು. ಅಲ್ಲಿ ಬೆಳಿಗ್ಗೆ ಹತ್ತು ಗಂಟೆ ಅಂದರೆ ನಮಗೆ ರಾತ್ರಿ ಏಳೂವರೆ. ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಒಂದೇ ಕಡೆ, ತೋಟದ ಮೇಲಿನ ದಿಬ್ಬದಲ್ಲಿ, ಹಲಸಿನ ಮರದ ಬುಡಕ್ಕೆ. ಉಂಬಳದ ಕಾಲ. ಕಾಲಿಗೆ ಸುಣ್ಣ ಬಳಿದುಕೊಂಡು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬ್ಯಾಟರಿ ಹಿಡಿದುಕೊಂಡು ಅಣ್ಣ, ಅತ್ತಿಗೆ, ನಾನು ಮೂವರೂ ಅಲ್ಲಿ ನಿಂತೆವು. ಅವನ ಹೆಂಡತಿ ಅಲ್ಲಿಂದ ವಿಡಿಯೋ ಕಾಲ್ ಮಾಡಿ ಫೋನ್ ಎತ್ತಿ ಹಿಡಿದಿದ್ದಳು.

ದೊಡ್ಡ ಹಾಲು. ಸಾಲು ಸಾಲು ಕುರ್ಚಿ. ಎಲ್ಲ ಬಣ್ಣದ, ಎಲ್ಲ ವಯಸ್ಸಿನ ಜನ. ಬಾಗಿಲಲ್ಲೇ ಅವರ ಹಸಿರು ಕಾರ್ಡನ್ನು ವಾಪಸ್ ತೆಗೆದುಕೊಂಡು, ಕೈಗೆ ಒಂದು ಪುಟ್ಟ ಬಾವುಟ ಕೊಟ್ಟಿದ್ದರಂತೆ. ಒಬ್ಬರು ಒಂದೊಂದೇ ದೇಶದ ಹೆಸರು ಕೂಗುತ್ತಿದ್ದರು. ಆ ದೇಶದಿಂದ ಬಂದವರು ಎದ್ದು ನಿಲ್ಲುತ್ತಿದ್ದರು. ಇಂಡಿಯಾ ಎಂದು ಕೂಗಿದಾಗ ನಮ್ಮ ಮಾಣಿ ಎದ್ದ. ಅದೇ ಕೊನೆ, ಇನ್ನು ಆ ಹೆಸರಿಗೆ ಅವನು ಎದ್ದು ನಿಲ್ಲಬೇಕಾದ್ದಿಲ್ಲ ಅನ್ನುವುದು ನನಗೆ ಆಗ ಹೊಳೆಯಲಿಲ್ಲ. ಆಮೇಲೆ ಎಲ್ಲರೂ ಬಲಗೈ ಎತ್ತಿದರು. ಒಬ್ಬರು ಹೇಳಿಕೊಟ್ಟರು, ಉಳಿದವರು ಹೇಳಿದರು. ಚಿತ್ರ ನಡುನಡುವೆ ನಿಂತುಹೋಗುತ್ತಿತ್ತು, ದನಿ ಮಾತ್ರ ಬರುತ್ತಿತ್ತು. ಎರಡು ನಿಮಿಷದಲ್ಲಿ ಮುಗಿಯಿತು. ಚಪ್ಪಾಳೆ. ಅವನು ಫೋನ್ ಹತ್ತಿರ ಬಂದು ನಕ್ಕ.

ಅತ್ತಿಗೆಗೆ ಇಂಗ್ಲಿಷ್ ಬಾರದು. ಅರ್ಥ ಕೇಳಿದಳು. ಅವನು ಸುಳ್ಳು ಹೇಳುವವನಲ್ಲ, ಇದ್ದದ್ದನ್ನು ಇದ್ದಹಾಗೆ ಹೇಳಿದ. ಇದುವರೆಗೆ ಯಾವ ದೇಶದ, ಯಾವ ದೊರೆಯ ಪ್ರಜೆಯಾಗಿದ್ದೆನೋ ಆ ನಿಷ್ಠೆಯನ್ನು ಪೂರ್ತಿಯಾಗಿ ತೊರೆಯುತ್ತೇನೆ ಎಂಬುದು ಆ ಪ್ರಮಾಣದ ಮೊದಲ ಮಾತು. ಅಲ್ಲಿನ ಸಂವಿಧಾನವನ್ನು, ಕಾನೂನನ್ನು ಕಾಯುತ್ತೇನೆ, ಕಾನೂನು ಹೇಳಿದರೆ ಆಯುಧ ಹಿಡಿಯುತ್ತೇನೆ ಎಂಬುದು ಆಮೇಲಿನದು.

ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮಳೆ ಕೊಡೆಯ ಮೇಲೆ ಬೀಳುತ್ತಿತ್ತು. "ಹಂಗಾರೆ ಇನ್ಮೇಲೆ ನೀ ನಮ್ಮ ಮಾಣಿ ಅಲ್ದನಾ?" ಅಂದಳು.

"ಆಯಿ, ಅದು ದೇಶದ ಮಾತು, ಮನೆದಲ್ಲ" ಅಂದ ಅವನು. ಆದರೆ ಅವನ ದನಿಯೂ ಗಟ್ಟಿ ಇರಲಿಲ್ಲ.

ಕಾನೂನಿನ ಮಾತು ಹೇಳುವುದಾದರೆ ಅತ್ತಿಗೆ ಕೇಳಿದ್ದು ದಡ್ಡ ಪ್ರಶ್ನೆಯಲ್ಲ. ಬೇರೆ ದೇಶದ ಪೌರತ್ವವನ್ನು ಸ್ವ‌ಇಚ್ಛೆಯಿಂದ ಪಡೆದ ಗಳಿಗೆಯಲ್ಲೇ ಭಾರತದ ಪೌರತ್ವ ಮುಗಿಯುತ್ತದೆ. ನಮ್ಮ ಸಂವಿಧಾನ ಎರಡು ದೋಣಿಯಲ್ಲಿ ಕಾಲಿಡಲು ಬಿಡುವುದಿಲ್ಲ. ಪಾಸ್‌ಪೋರ್ಟನ್ನು ಒಪ್ಪಿಸಿ, ಒಪ್ಪಿಸಿದ್ದಕ್ಕೆ ಪತ್ರ ತೆಗೆದುಕೊಳ್ಳಬೇಕು. ಆಮೇಲೆ ಬೇಕಾದರೆ ಓಸಿಐ ಕಾರ್ಡು. ಅದಿದ್ದರೆ ವೀಸಾ ಇಲ್ಲದೆ ಬರಬಹುದು, ಎಷ್ಟು ದಿನ ಬೇಕಾದರೂ ಇರಬಹುದು. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಅಣ್ಣನ ಚಿಂತೆ ತೋಟದ್ದು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಅಪ್ಪನಿಂದ ಬಂದ ಅಡಿಕೆ ತೋಟ ಅವನಿಗೆ ಹಕ್ಕಿನಲ್ಲಿ ಬರುತ್ತದೆ, ಆದರೆ ಪಕ್ಕದ ಒಂದು ಗುಂಟೆ ಕೃಷಿಭೂಮಿಯನ್ನೂ ಅವನು ಹೊಸದಾಗಿ ಕೊಳ್ಳುವಂತಿಲ್ಲ. ಎರಡು ನಿಮಿಷದ ಮಾತಿಗೆ ಅಷ್ಟು ಬಲ.

ಅಂಥ ಪ್ರಮಾಣ ಎಲ್ಲ ಕಾಲಕ್ಕೂ ಎಲ್ಲರನ್ನೂ ಕಾದಿಲ್ಲ. ನೂರು ವರ್ಷದ ಹಿಂದೆ ಅದೇ ಅಮೆರಿಕದಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನವರು ಅಲ್ಲಿನ ಸೈನ್ಯದ ಸಮವಸ್ತ್ರ ತೊಟ್ಟೇ 1918ರಲ್ಲಿ ಪೌರತ್ವ ಪಡೆದರು. ನಾಲ್ಕೇ ದಿನಕ್ಕೆ ಅದನ್ನು ಕಿತ್ತುಕೊಂಡರು. ಮತ್ತೆ ಪಡೆದರು, 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ನೀವು ಬಿಳಿಯರಲ್ಲ, ನಿಮಗೆ ಇದು ಸಲ್ಲದು ಎಂದು ತೀರ್ಪು ಕೊಟ್ಟಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರ ಕಾನೂನಿನಿಂದ. ನಮ್ಮ ಮಾಣಿ ಕೈ ಎತ್ತಿ ನಿಂತ ಜಾಗಕ್ಕೆ ಬೇರೆಯವರ ಅಷ್ಟು ವರ್ಷದ ನೋವು ಸೇರಿದೆ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗ ದೂರವಾದ ದುಃಖ ಅತ್ತಿಗೆಯದು. ನನ್ನನ್ನು ಕಾಡಿದ್ದು ಬೇರೆ. ಅವನು ಅಷ್ಟು ಜನರ ಮುಂದೆ ಬಾಯಿಬಿಟ್ಟು ಹೇಳಿದ. ನಾನು? ಅರವತ್ತು ದಾಟಿದ ನಾನು ಈ ದೇಶಕ್ಕೆ ಅಂಥದೊಂದು ಮಾತನ್ನು ಯಾವತ್ತಾದರೂ ಕೊಟ್ಟಿದ್ದೇನೆಯೇ?

ಶಾಲೆಯ ಪ್ರತಿಜ್ಞೆ ಇದೆಯಲ್ಲ ಎಂದು ನೀವು ಕೇಳಬಹುದು. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವಳು ನಾನು. ದಿನಾ ಬೆಳಿಗ್ಗೆ ಮಕ್ಕಳ ಜೊತೆ ಕೈ ಮುಂದೆ ಚಾಚಿ ಅದನ್ನು ಹೇಳಿದ್ದೇನೆ. 1962ರಲ್ಲಿ ವಿಶಾಖಪಟ್ಟಣದ ಖಜಾನೆ ಅಧಿಕಾರಿ ಪೈಡಿಮರ್ರಿ ವೆಂಕಟ ಸುಬ್ಬರಾವ್ ತೆಲುಗಿನಲ್ಲಿ ಬರೆದದ್ದು ಅದು; ಇವತ್ತು ಎಲ್ಲ ಭಾಷೆಯಲ್ಲೂ ಮಕ್ಕಳ ಬಾಯಲ್ಲಿದೆ. ಒಳ್ಳೆಯ ಮಾತುಗಳು. ಆದರೆ ಅದು ಪ್ರೀತಿಯ ಮಾತು, ಮಗು ಮನೆಯವರನ್ನು ಪ್ರೀತಿಸುವಂಥದ್ದು. ಆರು ವರ್ಷದ ಮಗುವಿನಿಂದ ಕಾನೂನಿನ ಕರಾರನ್ನು ಯಾರೂ ಕೇಳುವುದಿಲ್ಲ, ಕೇಳಲೂಬಾರದು.

ಹೊರಗಿನಿಂದ ಬಂದು ಭಾರತದ ಪೌರರಾಗುವವರಿಗೆ ಮಾತ್ರ ಕರಾರು ಇದೆ. ಪೌರತ್ವ ಕಾಯ್ದೆ ಬಂದದ್ದು 1955ರ ಡಿಸೆಂಬರ್ 30ರಂದು. ಅದರ ಎರಡನೆಯ ಅನುಸೂಚಿಯಲ್ಲಿ ಈ ಪ್ರಮಾಣವಿದೆ, ಒಂದೇ ವಾಕ್ಯ. ನಾನು ಇಂಥವನು ಅಥವಾ ಇಂಥವಳು, ಕಾನೂನಿನಂತೆ ಸ್ಥಾಪಿತವಾದ ಭಾರತದ ಸಂವಿಧಾನಕ್ಕೆ ನಿಜವಾದ ಶ್ರದ್ಧೆ ಮತ್ತು ನಿಷ್ಠೆ ಇಟ್ಟುಕೊಳ್ಳುತ್ತೇನೆ, ಭಾರತದ ಕಾನೂನುಗಳನ್ನು ಪಾಲಿಸುತ್ತೇನೆ, ಪೌರನ ಕರ್ತವ್ಯಗಳನ್ನು ನೆರವೇರಿಸುತ್ತೇನೆ. ಅದರ ತಾತ್ಪರ್ಯ ಇಷ್ಟೇ. ದೇವರ ಹೆಸರು ಹೇಳಿಯೂ ಹೇಳಬಹುದು, ಹೇಳದೆಯೂ ದೃಢಪಡಿಸಬಹುದು.

ಇದನ್ನು ಮೊದಲ ಸಲ ಓದಿದಾಗ ನಾನು ಒಂದು ಶಬ್ದದ ಹತ್ತಿರ ನಿಂತುಬಿಟ್ಟೆ. ನಿಷ್ಠೆ ಸಂವಿಧಾನಕ್ಕೆ. ಬ್ರಿಟನ್ನಿನಲ್ಲಿ, ಕೆನಡಾದಲ್ಲಿ ಹೊಸ ಪೌರರು ಇವತ್ತಿಗೂ ರಾಜನ ಹೆಸರು ಹೇಳಿ ಪ್ರಮಾಣ ಮಾಡುತ್ತಾರೆ. ನಾವು ರಾಜನನ್ನು ಇಟ್ಟುಕೊಳ್ಳಲಿಲ್ಲ. ಒಬ್ಬ ವ್ಯಕ್ತಿಗೆ, ಒಂದು ಪಕ್ಷಕ್ಕೆ, ಒಂದು ಮತಕ್ಕೆ, ಒಂದು ಭಾಷೆಗೆ ನಿಷ್ಠೆ ಎಂದೂ ಬರೆಯಲಿಲ್ಲ. ಜನ ಕೂತು ಬರೆದುಕೊಂಡ ಒಂದು ಗ್ರಂಥಕ್ಕೆ ನಿಷ್ಠೆ. ಇಷ್ಟು ದೊಡ್ಡ ಮಾತನ್ನು ಇಷ್ಟು ಚಿಕ್ಕ ವಾಕ್ಯದಲ್ಲಿ ಇಟ್ಟವರ ಬಗ್ಗೆ ನನಗೆ ಗೌರವ ಉಕ್ಕಿ ಬರುತ್ತದೆ.

ಇನ್ನೊಂದು ಸಂಗತಿ ಕೇಳಿ, ಕನ್ನಡಿಗರಿಗೆ ಬಹಳ ಸಂತೋಷ ಕೊಡುವಂಥದ್ದು. ಪರದೇಶದವರು ದೇಶೀಕರಣದಿಂದ ಭಾರತದ ಪೌರರಾಗಬೇಕಾದರೆ ಇರುವ ಷರತ್ತುಗಳಲ್ಲಿ ಒಂದು, ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದಾದರೂ ಒಂದು ಭಾಷೆಯನ್ನು ಸಾಕಷ್ಟು ಬಲ್ಲವರಾಗಿರಬೇಕು ಎಂಬುದು. ಆ ಅನುಸೂಚಿಯಲ್ಲಿ ಈಗ 22 ಭಾಷೆಗಳಿವೆ. ಕನ್ನಡ ಇದೆ, ಕೊಂಕಣಿ ಇದೆ, ಉರ್ದು ಇದೆ. ಇಂಗ್ಲಿಷ್ ಇಲ್ಲ. ಗೋಕರ್ಣದ ಓಣಿಯಲ್ಲಿ ಹೂವಿನವಳ ಹತ್ತಿರ ಮಾತಾಡುತ್ತಾ ಕನ್ನಡ ಕಲಿತ ಒಬ್ಬ ವಿದೇಶಿಯನ್ನು ನೆನೆಸಿಕೊಳ್ಳಿ. ಉಳಿದ ಷರತ್ತು ಪೂರೈಸಿದರೆ, ಅಂದರೆ ಅರ್ಜಿಗೆ ಮೊದಲಿನ ಹನ್ನೆರಡು ತಿಂಗಳು ಬಿಡದೆ ಇಲ್ಲಿದ್ದು, ಅದಕ್ಕೂ ಹಿಂದಿನ 14 ವರ್ಷದಲ್ಲಿ ಒಟ್ಟು 11 ವರ್ಷ ಇಲ್ಲಿ ಕಳೆದಿದ್ದರೆ, ಅವನಿಗೆ ಆ ಕನ್ನಡವೇ ಭಾರತದ ಬಾಗಿಲಿನ ಬೀಗದಕೈ. ಬರೀ ಇಂಗ್ಲಿಷ್ ಬಲ್ಲ ಪಂಡಿತನಿಗೆ ಆ ಬಾಗಿಲು ಸುಲಭಕ್ಕೆ ತೆರೆಯದು. ನಮ್ಮ ಮಕ್ಕಳಿಗೆ ಕನ್ನಡ ಕಲಿತರೆ ಏನು ಸಿಗುತ್ತದೆ ಎಂದು ಕೇಳುವ ತಂದೆತಾಯಿಗಳಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ಹಾಗೆ ಬಂದು ನಮ್ಮವರಾದ ದೊಡ್ಡವರು ಇದ್ದಾರೆ. ಆದಿವಾಸಿಗಳ ನಡುವೆ ಬದುಕಿದ ವೆರಿಯರ್ ಎಲ್ವಿನ್ 1954ರಲ್ಲಿ ಭಾರತೀಯರಾದರು. ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಬ್ರಿಟಿಷ್ ಪೌರತ್ವ ಬಿಟ್ಟು 1961ರಲ್ಲಿ ಭಾರತೀಯರಾದರು. ಅವರಿಗೆ ಇಲ್ಲಿ ಬೇಕಾದ್ದೇನೂ ಇರಲಿಲ್ಲ, ಇಲ್ಲಿಯವರಾಗುವುದೇ ಬೇಕಾಗಿತ್ತು.

ಆದರೆ ಆ ಪ್ರಮಾಣ ನಮ್ಮಲ್ಲಿ ನಡೆಯುವ ರೀತಿ ನೋಡಿ. ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತದೆ, ಪೊಲೀಸ್ ವಿಚಾರಣೆಯಾಗುತ್ತದೆ, ರಾಜ್ಯ ಸರ್ಕಾರದಿಂದ ದೆಹಲಿಯ ಗೃಹ ಇಲಾಖೆಗೆ ಹೋಗುತ್ತದೆ, ವರ್ಷಗಳು ಹೋಗುತ್ತವೆ. ಒಪ್ಪಿಗೆ ಬಂದ ಮೇಲೆ ಒಬ್ಬ ಅಧಿಕಾರಿಯ ಮೇಜಿನ ಮುಂದೆ ನಿಂತು ಒಂದು ಕಾಗದ ಓದಿ ಸಹಿ ಹಾಕಬೇಕು. 2024ರಲ್ಲಿ ಜಾರಿಗೆ ಬಂದ ಹೊಸ ನಿಯಮಗಳಲ್ಲಿ ಒಂದು ವರ್ಗದ ಅರ್ಜಿದಾರರಿಗೆ ಪ್ರಮಾಣ ಬೋಧಿಸುವ ಕೆಲಸವನ್ನು ಅಂಚೆ ಇಲಾಖೆಯ ಅಧೀಕ್ಷಕರಿಗೆ ಕೊಟ್ಟಿದ್ದಾರೆ. ಅಂಚೆಯವರೇ ಆಗಲಿ, ಜಿಲ್ಲಾಧಿಕಾರಿಯೇ ಆಗಲಿ, ನನ್ನ ತಕರಾರು ಅದಲ್ಲ. ನಮ್ಮಲ್ಲಿ ಪ್ರಮಾಣ ಇದೆ, ಸಮಾರಂಭ ಇಲ್ಲ. ಅದೇ ನನ್ನ ಕೊರಗು.

ಕೆನಡಾದವರು 1947ರ ಜನವರಿ 3ರಂದು ತಮ್ಮ ಮೊದಲ ಸಮಾರಂಭವನ್ನು ಒಟ್ಟಾವದ ಸುಪ್ರೀಂ ಕೋರ್ಟಿನಲ್ಲೇ ನಡೆಸಿದರು. ಅವರ ಪ್ರಧಾನಿ ಮೆಕೆಂಜಿ ಕಿಂಗ್ ಅವರೇ ಮೊದಲ ಪ್ರಮಾಣಪತ್ರ ತೆಗೆದುಕೊಂಡರು. ಮುಂದೆ ನಮ್ಮ ಶಿರಾ ತಾಲ್ಲೂಕಿನಿಂದ ಹೋದ ಚಂದ್ರ ಆರ್ಯ ಅದೇ ದೇಶದ ಪೌರರಾಗಿ, ಸಂಸತ್ ಸದಸ್ಯರಾಗಿ, 2022ರಲ್ಲಿ ಅಲ್ಲಿನ ಸದನದಲ್ಲಿ ನಿಂತು ಕನ್ನಡದಲ್ಲಿ ಮಾತಾಡಿದ್ದು ನಿಮಗೆ ನೆನಪಿರಬಹುದು. ಆಸ್ಟ್ರೇಲಿಯದಲ್ಲಿ ಮೊದಲ ಸಮಾರಂಭ 1949ರಲ್ಲಿ ಏಳು ಜನರಿಂದ ಶುರುವಾಯಿತು. ಈಗ ಊರಿನ ಪುರಸಭೆಯವರೇ ಅದನ್ನು ನಡೆಸುತ್ತಾರೆ, ಜನವರಿ 26ರಂದು ದೊಡ್ಡದಾಗಿ ನಡೆಸುತ್ತಾರೆ. ನಮ್ಮ ಗಣರಾಜ್ಯದ ದಿನವೇ ಅವರ ನಾಡಹಬ್ಬ. ಎಷ್ಟೋ ಕಡೆ ಹೊಸ ಪೌರರ ಕೈಗೆ ಆ ನೆಲದ ಒಂದು ಗಿಡದ ಸಸಿ ಕೊಡುತ್ತಾರೆ. ಬ್ರಿಟನ್ನಿನವರಿಗೆ ಈ ಬುದ್ಧಿ ಬಂದದ್ದು ತಡವಾಗಿ, 2004ರಲ್ಲಿ. ಅಲ್ಲಿಯವರೆಗೆ ಅವರೂ ನಮ್ಮ ಹಾಗೆ ಕಾಗದದಲ್ಲೇ ಮುಗಿಸುತ್ತಿದ್ದರು.

ಸಸಿ ಕೊಡುವುದು ನನಗೆ ಬಹಳ ಹಿಡಿಸಿತು. ನಮ್ಮ ಕಡೆ ಮನೆಗೆ ಹೊಸ ಸೊಸೆ ಬಂದರೆ ಸೇರಕ್ಕಿ ಒದ್ದು ಒಳಗೆ ಬರುತ್ತಾಳೆ, ಊರವರು ನೋಡಲು ಬರುತ್ತಾರೆ, ಊಟ ಹಾಕುತ್ತೇವೆ. ಮದುವೆಯ ಕಾಗದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇರುತ್ತದೆ, ಆದರೆ ಅವಳು ಆ ಮನೆಯವಳಾಗುವುದು ಹೊಸಿಲಿನ ಹತ್ತಿರ ಜನ ನಿಂತು ನೋಡಿದ್ದರಿಂದ. ಒಬ್ಬ ಮನುಷ್ಯ ಬೇರೆ ದೇಶ ಬಿಟ್ಟು ಈ ದೇಶವನ್ನು ಆರಿಸಿಕೊಂಡಾಗ ಅದನ್ನು ನೋಡಲು ನಾವು ಯಾರೂ ಅಲ್ಲಿರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಅಂಥವರು ಎಲ್ಲಿದ್ದಾರೆ ಎಂದು ಕೇಳಬೇಡಿ. ನಮ್ಮ ಜಿಲ್ಲೆಯಷ್ಟು ಪೌರತ್ವದ ಕಥೆ ತುಂಬಿದ ಜಿಲ್ಲೆ ಕಡಿಮೆ.

ಕಾರವಾರದ ಆಚೆ ಗೋವಾ. 1961ರ ಡಿಸೆಂಬರಿನವರೆಗೂ ಅದು ಪೋರ್ಚುಗಲ್. ಕಾಣಕೋಣಕ್ಕೆ ಕೊಟ್ಟ ಮಗಳ ಮನೆಗೆ ಹೋಗಬೇಕಾದರೆ ಕಾರವಾರದವರು ದೇಶದ ಗಡಿ ದಾಟಬೇಕಾಗಿತ್ತು. ಕಾರವಾರದ ಸಮುದ್ರದಲ್ಲೇ ಇರುವ ಅಂಜದೀವ್ ದ್ವೀಪಕ್ಕಾಗಿ ನಮ್ಮ ನೌಕಾಪಡೆಯ ಏಳು ಜನ ಪ್ರಾಣ ಕೊಟ್ಟರು. ಆಮೇಲೆ 1962ರಲ್ಲಿ ಸರ್ಕಾರ ಒಂದು ಆದೇಶ ಹೊರಡಿಸಿತು: 1961ರ ಡಿಸೆಂಬರ್ 20ಕ್ಕೆ ಮೊದಲು ಗೋವಾ, ದಮನ್, ದಿಯುಗಳಲ್ಲಿ ಹುಟ್ಟಿದವರು, ಅಥವಾ ಅಪ್ಪ ಅಮ್ಮ, ಅಜ್ಜ ಅಜ್ಜಿಯರು ಅಲ್ಲಿ ಹುಟ್ಟಿದ್ದವರು, ಆ ದಿನದಿಂದ ಭಾರತದ ಪೌರರು. ಬೇಡ ಅನ್ನುವವರು ಒಂದು ತಿಂಗಳೊಳಗೆ ಬರೆದು ತಿಳಿಸಬೇಕು. ಲಕ್ಷಾಂತರ ಜನ ಒಂದೇ ದಿನ ದೇಶ ಬದಲಿಸಿದರು; ಯಾರೂ ಕೈ ಎತ್ತಲಿಲ್ಲ, ಒಂದು ಮಾತೂ ಆಡಲಿಲ್ಲ.

ಘಟ್ಟದ ಮೇಲೆ ಮುಂಡಗೋಡ. 1966ರಲ್ಲಿ ಅಲ್ಲಿ ಟಿಬೆಟಿನ ನಿರಾಶ್ರಿತರಿಗೆ ಜಾಗ ಕೊಟ್ಟು ನೆಲೆ ಮಾಡಿಕೊಟ್ಟಿತು ನಮ್ಮ ರಾಜ್ಯ. ಡ್ರೆಪುಂಗ್, ಗಾಂಡೆನ್ ಎಂಬ ಅವರ ಮಹಾಮಠಗಳು ಅಲ್ಲಿ ಮತ್ತೆ ಎದ್ದು ನಿಂತವು. ನಾನು ನೌಕರಿಯ ಮೊದಲ ಎರಡು ವರ್ಷ ಆ ಕಡೆ ಇದ್ದೆ. ಜೋಳದ ಹೊಲದಲ್ಲಿ ದುಡಿಯುತ್ತಾ, ಚಳಿಗಾಲಕ್ಕೆ ಸ್ವೆಟರ್ ಮಾರಲು ಊರೂರು ಹೋಗುತ್ತಾ, ನಮ್ಮ ಹತ್ತಿರ ಮುಂಡಗೋಡದ ಕನ್ನಡದಲ್ಲೇ ಚೌಕಾಸಿ ಮಾಡುತ್ತಿದ್ದ ಹೆಂಗಸರು ಅವರು. ಅವರ ಕೈಯಲ್ಲಿ ಇದ್ದದ್ದು ಆರ್‌ಸಿ. ಅಂದರೆ ವಿದೇಶಿಯರ ನೋಂದಣಿ ಪತ್ರ, ಅವಧಿ ಮುಗಿದಾಗಲೆಲ್ಲ ನವೀಕರಿಸಬೇಕು.

ಇಲ್ಲಿ ಕಾನೂನಿನ ಒಂದು ಗೆರೆ ಇದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದ ನೆಲದಲ್ಲಿ ಹುಟ್ಟಿದವರು, ಅಪ್ಪ ಅಮ್ಮ ಯಾರೇ ಇರಲಿ, ಹುಟ್ಟಿನಿಂದಲೇ ಪೌರರು. ಹಾಗಾದರೆ ಮುಂಡಗೋಡದಲ್ಲಿ ಹುಟ್ಟಿದ ಟಿಬೆಟಿನ ಮಕ್ಕಳು? ಅವರೂ ಪೌರರೇ ಎಂದು 2010ರಲ್ಲಿ ದೆಹಲಿ ಹೈಕೋರ್ಟು ಹೇಳಿತು, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಅದನ್ನೇ ಹೇಳಿತು. ಒಂದೇ ಮನೆಯಲ್ಲಿ ಅಕ್ಕ 1980ರಲ್ಲಿ ಹುಟ್ಟಿದಳು, ತಮ್ಮ 1989ರಲ್ಲಿ ಹುಟ್ಟಿದ ಎಂದಿಟ್ಟುಕೊಳ್ಳಿ. ಒಂದೇ ಒಲೆಯ ಅನ್ನ, ಒಂದೇ ಶಾಲೆ. ಅಕ್ಕ ಹುಟ್ಟಿದ ಗಳಿಗೆಯಿಂದ ಭಾರತದವಳು, ತಮ್ಮ ಈಗಲೂ ಆರ್‌ಸಿ ಹಿಡಿದ ಪರದೇಶಿ. ಅಕ್ಕ ಪಾಸ್‌ಪೋರ್ಟ್ ಕೇಳಿದರೆ ನೆಲೆಯನ್ನೂ ಅಲ್ಲಿನ ಸವಲತ್ತನ್ನೂ ಬಿಡಬೇಕು ಎಂಬ ಷರತ್ತು 2017ರಲ್ಲಿ ಬಂತು. ಹಕ್ಕಿದ್ದೂ ಬೇಡ ಎಂದವರು ಅಲ್ಲಿ ಬಹಳ. ತೆಗೆದುಕೊಂಡರೆ ಟಿಬೆಟಿನ ಆಸೆ ಬಿಟ್ಟ ಹಾಗಲ್ಲವೇ ಎಂಬ ಅಳುಕು ಅವರದು. ನನ್ನ ಅತ್ತಿಗೆ ದಿಬ್ಬದ ಮೇಲೆ ಕೇಳಿದ ಪ್ರಶ್ನೆಯೇ ಅದು, ತಿರುಗಿಸಿ ಕೇಳಿದ್ದು.

ಇನ್ನು ಭಟ್ಕಳ. ದೇಶ ಇಬ್ಭಾಗವಾದಾಗ ನವಾಯತ ಮನೆತನಗಳ ಕೆಲವು ಕೊಂಬೆಗಳು ಕರಾಚಿಯಲ್ಲಿ ಉಳಿದವು. ನೆಂಟರಲ್ಲೇ ಹೆಣ್ಣು ತರುವ ಪದ್ಧತಿ ಅವರದು, ನಮ್ಮಲ್ಲೂ ಇದ್ದದ್ದೇ. ಹಾಗೆ ಗಡಿಯಾಚೆಯಿಂದ ಸೊಸೆಯರಾಗಿ ಬಂದ ಹೆಣ್ಣುಮಕ್ಕಳು ದೀರ್ಘಾವಧಿ ವೀಸಾದ ಮೇಲೆ ವರ್ಷಗಟ್ಟಲೆ ಇದ್ದಾರೆ. ಭಾರತದ ಪೌರನನ್ನು ಮದುವೆಯಾಗಿ ಏಳು ವರ್ಷ ಇಲ್ಲಿದ್ದವರು ನೋಂದಣಿಗೆ ಅರ್ಜಿ ಹಾಕಬಹುದು ಎನ್ನುತ್ತದೆ ಕಾನೂನು. ಅರ್ಜಿ ಹಾಕುವುದು ಬೇರೆ, ಸಿಗುವುದು ಬೇರೆ. ಎರಡು ದೇಶಗಳ ನಡುವೆ ಏನೇ ಆದರೂ ಮೊದಲು ಬಾಗಿಲು ತಟ್ಟುವುದು ಅವರ ಮನೆಯದು. ಮಕ್ಕಳು ಇಲ್ಲಿಯವರು, ಗಂಡ ಇಲ್ಲಿಯವನು, ಗೋರಿಯಾಗಬೇಕಾದ ಮಣ್ಣೂ ಇಲ್ಲಿಯದೇ. ಆ ಒಂದು ವಾಕ್ಯವನ್ನು ಹೇಳಲು ಬಾಯಿ ತೆರೆದುಕೊಂಡು ಕಾಯುತ್ತಿರುವವರು ಅವರು. ವಿಚಾರಣೆ ಬೇಡ ಎಂದು ನಾನು ಹೇಳುವುದಿಲ್ಲ, ದೇಶಕ್ಕೆ ಎಚ್ಚರ ಬೇಕು. ಆದರೆ ಹೌದು ಅನ್ನುವುದಿದ್ದರೆ ಅವರಿಗೆ ಮೊಮ್ಮಕ್ಕಳಾಗುವ ಮೊದಲೇ ಅನ್ನಬೇಕು.

ಅದಕ್ಕೆ ನನ್ನದೊಂದು ಕೋರಿಕೆ. ಹೌದು ಎಂದಾದ ಮೇಲೆ ಆ ಪ್ರಮಾಣ ಕೋಣೆಯೊಳಗೆ ನಡೆಯದಿರಲಿ. ಜನವರಿ 26ರಂದು ಪ್ರತಿ ತಾಲ್ಲೂಕಿನಲ್ಲೂ ಮೈದಾನದಲ್ಲಿ ಬಾವುಟ ಏರುತ್ತದೆ. ಆ ವರ್ಷ ಆ ಜಿಲ್ಲೆಯಲ್ಲಿ ಒಬ್ಬರೇ ಒಬ್ಬರು ಹೊಸ ಪೌರರಾಗಿದ್ದರೂ ಸರಿ, ಅವರು ಅಲ್ಲಿ ಬರಲಿ, ತಮಗೆ ಬರುವ ಭಾಷೆಯಲ್ಲಿ, ಕನ್ನಡ ಬಂದರೆ ಕನ್ನಡದಲ್ಲಿ, ಆ ವಾಕ್ಯವನ್ನು ಗಟ್ಟಿಯಾಗಿ ಹೇಳಲಿ. ಒಂದು ಹಲಸಿನ ಸಸಿ ಕೊಡೋಣ. ಅವರಿಗಾಗಿ ಮಾತ್ರ ಅಲ್ಲ. ಕೇಳಿಸಿಕೊಳ್ಳಬೇಕಾದವರು ನಾವು, ಏನೂ ಹೇಳದೆ ಎಲ್ಲವನ್ನೂ ಪಡೆದವರು.

ಆ ದಿನಕ್ಕೆ ಹಿಂದಿನದೊಂದು ನೆನಪೂ ಇದೆ. 1930ರ ಜನವರಿ 26ರಂದು ಪೂರ್ಣ ಸ್ವರಾಜ್ಯದ ಪ್ರತಿಜ್ಞೆಯನ್ನು ದೇಶದ ಊರೂರುಗಳಲ್ಲಿ ಜನ ಸೇರಿ ಓದಿದರು. ಇನ್ನೂ ದೇಶವೇ ತಮ್ಮದಾಗಿರಲಿಲ್ಲ, ಮಾತು ಕೊಟ್ಟರು. ಎರಡೂವರೆ ತಿಂಗಳಿಗೆ ಅಂಕೋಲೆಯ ಕಡಲ ದಂಡೆಯಲ್ಲಿ ಉಪ್ಪಿನ ಸತ್ಯಾಗ್ರಹ. ಆಮೇಲೆ ಅಂಕೋಲೆ, ಸಿದ್ದಾಪುರಗಳಲ್ಲಿ ಕರನಿರಾಕರಣೆ. ಗದ್ದೆ ತೋಟ ಜಪ್ತಿಯಾದರೂ ಬಡ ರೈತರು ಮಾತು ತಪ್ಪಲಿಲ್ಲ. ಸಂವಿಧಾನಕ್ಕೆ ಜನವರಿ 26ರ ತಾರೀಖನ್ನೇ ಆರಿಸಿದ್ದು 1930ರ ಆ ಪ್ರತಿಜ್ಞೆಯ ನೆನಪಿಗೇ.

ಪೌರ ಎಂಬ ಶಬ್ದ ಪುರದಿಂದ ಬಂದದ್ದು, ನಾಗರಿಕ ನಗರದಿಂದ. ಯಾಣದ ಸುತ್ತಲಿನ ನಮಗೆ ಪುರವೂ ಇಲ್ಲ, ನಗರವೂ ಇಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಹಳ್ಳ ದಾಟಿ ಹೋಗಬೇಕು. ನಮ್ಮ ಪೌರತ್ವ ನಮಗೆ ಕಾಣಿಸುವ ಜಾಗ ಒಂದೇ, ಶಾಲೆಯ ಮತಗಟ್ಟೆ. ಕೊನೆಯ ಒಂಬತ್ತು ವರ್ಷ ನಾನು ಬಿಎಲ್‌ಓ ಆಗಿದ್ದೆ, ಮತದಾರರ ಪಟ್ಟಿ ನೋಡಿಕೊಳ್ಳುವ ಕೆಲಸ. ಚುನಾವಣಾ ಆಯೋಗ ಹುಟ್ಟಿದ ದಿನ 1950ರ ಜನವರಿ 25. 2011ರಿಂದ ಆ ದಿನವನ್ನು ರಾಷ್ಟ್ರೀಯ ಮತದಾರರ ದಿನ ಎಂದು ಮಾಡುತ್ತಾರೆ. ಹದಿನೆಂಟು ತುಂಬಿದವರಿಗೆ ಗುರುತಿನ ಚೀಟಿ ಕೊಟ್ಟು, ಎಲ್ಲರಿಂದ ಒಂದು ಪ್ರತಿಜ್ಞೆ ಮಾಡಿಸುತ್ತಾರೆ: ಪ್ರಜಾಪ್ರಭುತ್ವದಲ್ಲಿ ನಂಬಿಕೆ ಇಟ್ಟು, ಹೆದರದೆ, ಧರ್ಮ, ಜಾತಿ, ಭಾಷೆ, ಆಮಿಷ ಯಾವುದಕ್ಕೂ ಒಳಗಾಗದೆ ಪ್ರತಿ ಚುನಾವಣೆಯಲ್ಲೂ ಮತ ಹಾಕುತ್ತೇವೆ ಎಂದು. ಶಾಲೆಯ ಪ್ರತಿಜ್ಞೆ ಬಿಟ್ಟರೆ ಹುಟ್ಟಿನಿಂದ ಪೌರರಾದವರಿಗೆ ಬಾಯಿಬಿಟ್ಟು ಹೇಳಲು ಸಿಗುವುದು ಇದೊಂದೇ.

ನಾನು ನಿವೃತ್ತಳಾಗುವ ಹಿಂದಿನ ವರ್ಷ. ಶಾಲೆಯ ಅಂಗಳಕ್ಕೆ ಸೆಗಣಿ ಸಾರಿಸಿದ್ದೆವು. ಹೊಸ ಮತದಾರರು ನಾಲ್ಕೇ ಜನ, ಮೂವರು ಹುಡುಗಿಯರು, ಒಬ್ಬ ಹುಡುಗ. ಅವರಲ್ಲೊಬ್ಬಳ ಜೊತೆ ಅವಳ ಅಜ್ಜಿಯೂ ಬಂದಿದ್ದಳು, ಹಾಲಕ್ಕಿ ಹೆಂಗಸು, ಕೊರಳ ತುಂಬ ಮಣಿಸರ. ಮಕ್ಕಳು ಕೈ ಚಾಚಿ ಹೇಳಿ ಮುಗಿಸಿದರು. ಚೀಟಿ ಕೊಟ್ಟೆ. ಪಾನಕ ಕೊಡುವಾಗ ಅಜ್ಜಿ ನನ್ನ ಹತ್ತಿರ ಬಂದಳು.

"ಅಕ್ಕೋರೆ, ನಾ ಓಟು ಹಾಕ್ತಾನೇ ಬಂದೆ. ನಂಗೆ ಯಾರೂ ಇದ್ ಹೇಳ್ಸಲಿಲ್ಲ."

ಅವಳು ಹುಟ್ಟಿದಾಗ ಇಲ್ಲಿ ಬ್ರಿಟಿಷರಿದ್ದರು, ಮುಂಬಯಿ ಪ್ರಾಂತ್ಯ. 1950ರ ಜನವರಿ 26ರಂದು ಅವಳು ಏಳೆಂಟು ವರ್ಷದ ಹುಡುಗಿ, ದನ ಕಾಯುತ್ತಿದ್ದಿರಬೇಕು. ಪ್ರಜೆಯಾಗಿ ದನ ಹೊಡೆದುಕೊಂಡು ಹೋದವಳು ಪೌರಳಾಗಿ ಸಂಜೆ ಮನೆಗೆ ಬಂದಳು. ಅವಳಿಗೆ ಯಾರೂ ತಿಳಿಸಿರಲಿಲ್ಲ.

ಪಾನಕದ ಲೋಟ ಬೆಂಚಿನ ಮೇಲಿಟ್ಟೆ. ಅವಳು ಸೆರಗು ಸರಿಮಾಡಿಕೊಂಡು, ಮೊಮ್ಮಗಳು ಮಾಡಿದ ಹಾಗೆ ಬಲಗೈ ಮುಂದೆ ಚಾಚಿದಳು. ಬಳೆ ಜಾರಿ ಮೊಣಕೈಗೆ ಬಂತು. ನಾನು ಒಂದೊಂದೇ ತುಂಡು ಹೇಳಿದೆ, ಅವಳು ಹೇಳಿದಳು. ಪ್ರಜಾಪ್ರಭುತ್ವ ಎಂಬಲ್ಲಿ ನಾಲಿಗೆ ತೊಡರಿತು. ನಾನು ಬಿಟ್ಟು ಮುಂದೆ ಹೋಗಲು ನೋಡಿದೆ.

"ತಡೀರಿ ಅಕ್ಕೋರೆ" ಅಂದಳು. "ಅದ್ನ ಇನ್ನೊಂದ್ ಸಲ ಹೇಳಿ."